ಗಾಳಿಗೊಬ್ಬ ನೀರುಗಂಟಿ

ಯಾವ ಇಲಾಖೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉತ್ತರ. ವೈರ್‌ಲೆಸ್ಸು ಅಂದರೆ ಸಾಕು, ‘ಓ, ಪೊಲೀಸಾ?’ ಅನ್ನುತ್ತಾರೆ. ಪೊಲೀಸಲ್ಲ, ಮೊಬೈಲ್ ಕಂಪನಿಯೂ ಅಲ್ಲ ಎಂದರೆ ಅಲ್ಲಿಯವರೆಗೆ ಮುಖದ ಮೇಲಿದ್ದ ಮರ್ಯಾದೆ ಅರ್ಧ ಇಳಿದುಹೋಗುತ್ತದೆ. ನೆಂಟರ ಮದುವೆಗಳಲ್ಲಿ ಪಂಕ್ತಿಗೆ ಕಾಯುತ್ತಾ ಇದನ್ನು ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ ಒಂದು ಸುಲಭದ ಮಾತು ಕಂಡುಕೊಂಡಿದ್ದೆ. ಹಿಂದೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದನಲ್ಲ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಂಡು ತೂಬು ಎತ್ತಿ ಇಳಿಸುವವನು, ನಾನು ಗಾಳಿಗೆ ಅಂಥ ನೀರುಗಂಟಿ ಎನ್ನುತ್ತಿದ್ದೆ. ದಬ್ಬೇಘಟ್ಟದ ಕಡೆಯ ನಮ್ಮ ಜನಕ್ಕೆ ಅದು ಥಟ್ಟನೆ ಅರ್ಥವಾಗುತ್ತಿತ್ತು.

ಮಾತು ಸುಳ್ಳೂ ಅಲ್ಲ. ಫೋನು, ರೇಡಿಯೋ, ವಿಮಾನ, ಹಡಗು, ಮನೆಯ ವೈಫೈ ಎಲ್ಲವೂ ಕಣ್ಣಿಗೆ ಕಾಣದ ತರಂಗಗಳ ಮೇಲೆಯೇ ನಡೆಯಬೇಕು, ಒಂದರ ಮೇಲೊಂದು ಬೀಳಬಾರದು. ಕೆಲವು ವರ್ಷಗಳಿಗೊಮ್ಮೆ ಲೋಕದ ದೇಶಗಳೆಲ್ಲ ಒಂದು ಕಡೆ ಸೇರಿ, ಇಂಥ ತರಂಗ ಇಂಥ ಕೆಲಸಕ್ಕೆ ಎಂದು ಹಂಚಿಕೊಳ್ಳುತ್ತವೆ. ಅದನ್ನು ನಮ್ಮ ದೇಶಕ್ಕೆ ತಕ್ಕಂತೆ ದಿಲ್ಲಿಯಲ್ಲಿ ಮತ್ತೆ ಹಂಚುತ್ತಾರೆ. ಒಂದು ಸಾಧನ ಇನ್ನೊಂದರ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು ಎಂದು ಗೊತ್ತುಮಾಡುವ ಎಂಜಿನಿಯರುಗಳ ಮಂಡಳಿಗಳು ಬೇರೆ. ಒಂದೊಂದು ಸಾಲಿಗೆ ಅವರು ತಿಂಗಳುಗಟ್ಟಲೆ ಜಗಳವಾಡುತ್ತಾರೆ. ಆ ಜಗಳ ನಡೆದದ್ದರಿಂದಲೇ ಎಲ್ಲಿ ತಯಾರಾದ ಫೋನಾದರೂ ಇಲ್ಲಿ ತಿಪಟೂರಿನ ಅಂಗಡಿಯೊಳಗಿನ ವೈಫೈ ಹಿಡಿಯುತ್ತದೆ. ವೈಫೈಗೆ ಬಿಟ್ಟಿರುವ ತರಂಗ ಗೋಮಾಳ ಇದ್ದ ಹಾಗೆ, ಮಿತಿಯೊಳಗೆ ಯಾರ ದನವಾದರೂ ಮೇಯಬಹುದು. ಮೊಬೈಲಿನದು ಹಾಗಲ್ಲ, ಹರಾಜಿನಲ್ಲಿ ಹಿಡಿದವರ ಹಕ್ಕಿನ ಜಮೀನು. ಪರವಾನಗಿ ಇಲ್ಲದೆ ಅದರೊಳಗೆ ಕಾಲಿಟ್ಟವರನ್ನು ಹುಡುಕಿ ಹೊರಗೆ ಕಳಿಸುವುದು ನನ್ನ ಕೆಲಸ.

ಇದನ್ನೆಲ್ಲ ನಾನು ಬಾಯಿ ತುಂಬ ಹೇಳಿಕೊಳ್ಳುತ್ತಿದ್ದೆ. ಈ ಸಲದ ಗೌರಿ ಹಬ್ಬ ಆದಮೇಲೆ ಹೇಳುವುದಕ್ಕೆ ನಾಲಿಗೆ ಏಳುತ್ತಿಲ್ಲ.

ಆಷಾಢದಲ್ಲಿ ನಮ್ಮ ಕಚೇರಿಗೆ ಒಂದು ದೂರು ಬಂತು. ಹೊನ್ನವಳ್ಳಿಯಿಂದಾಚೆಗಿರುವ ಒಂದು ಟವರಿನಲ್ಲಿ ಕರ್ಕಶ ಗದ್ದಲ ಸೇರಿಕೊಂಡು, ಸುತ್ತಲಿನ ಹಳ್ಳಿಗಳ ಫೋನು ಕೆಟ್ಟುಹೋಗುತ್ತಿದೆ ಎಂದು. ಮಾತು ನಡುವೆ ಕಡಿದುಹೋಗುತ್ತದೆ, ಹೊರಗಿನ ಕರೆ ಬರುವುದೇ ಇಲ್ಲ. ಜನ ಟವರಿನ ಕಾವಲುಗಾರನನ್ನು ಹಿಡಿದು ಬೈದಿದ್ದೂ ಆಗಿತ್ತು, ಪಾಪ ಅವನೇನು ಮಾಡಿಯಾನು. ಕಂಪನಿಯವರು ತಮ್ಮ ಯಂತ್ರಗಳನ್ನೆಲ್ಲ ಬಿಚ್ಚಿ ನೋಡಿದ್ದರು, ಅವು ಸರಿಯಾಗಿಯೇ ಇದ್ದವು. ಗದ್ದಲ ಒಮ್ಮೆ ಬರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಕಿರಿಯ ಎಂಜಿನಿಯರ್ ಹೆಣ್ಣುಮಗಳು ಅದರ ಏರಿಳಿತವನ್ನು ಕಂಪ್ಯೂಟರಿನಲ್ಲಿ ನೋಡಿ, “ಸರ್, ಗಾಳಿ ಬೀಸಿದಾಗಲೇ ಬರ್ತಾ ಇದೆ” ಅಂದಳು. ತರಂಗವನ್ನು ಗಾಳಿ ಹೊಡೆದುಕೊಂಡು ಹೋಗುವುದಿಲ್ಲಮ್ಮ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ನನ್ನ ತಂಗಿಯನ್ನು ಕೊಟ್ಟಿರುವುದು ಅದೇ ಕಡೆ. ಊರಿಗೆ ಸ್ವಲ್ಪ ಹೊರಗೆ, ತೋಟದ ಅಂಚಿನಲ್ಲಿರುವ ನಾಲ್ಕಾರು ಮನೆಗಳಲ್ಲಿ ಅವಳದೊಂದು. ಅಪ್ಪ ಅಮ್ಮ ಹೋದಮೇಲೆ ಅವಳಿಗೆ ತವರು ಎಂದರೆ ನಾನೊಬ್ಬನೇ. ವರ್ಷ ವರ್ಷವೂ ಗೌರಿ ಹಬ್ಬಕ್ಕೆ ಮೊದಲು ಬಾಗಿನ ತೆಗೆದುಕೊಂಡು ಹೋಗುತ್ತೇನೆ. ಜೋಡಿ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಸಿನ ಕುಂಕುಮ, ರವಿಕೆ ಕಣ, ಜೊತೆಗೆ ಒಂದು ಸೀರೆ. ಸಾಮಾನಿಗಿಂತ ದೊಡ್ಡದು ಅಣ್ಣ ಬಂದ ಎನ್ನುವುದು. ಅವನು ಬಂದದ್ದು ನೆರೆಹೊರೆಯವರಿಗೆಲ್ಲ ಕಾಣಬೇಕು. ಅದಕ್ಕೇ ಅವಳು ಪ್ರತಿ ಸಲ ನನ್ನನ್ನು ಒಳಗೆ ಕರೆಯದೆ ಒಂದು ಗಳಿಗೆ ಜಗುಲಿಯ ಮೇಲೆಯೇ ಕೂರಿಸುತ್ತಾಳೆ. ನನಗೆ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತಿರುತ್ತೇನೆ.

ಈ ಸಲ ದೂರಿನ ಕೆಲಸ ಹಬ್ಬದ ಹಿಂದಿನ ವಾರಕ್ಕೆ ಬಿತ್ತು. ಮೊದಲು ಇಲಾಖೆಯ ಕೆಲಸ ಮುಗಿಸಿ ಬರುವುದು, ಹಬ್ಬಕ್ಕೆ ಬೇರೆಯಾಗಿ ಹೋಗುವುದು ಎಂದುಕೊಂಡು ಬರಿಗೈಲಿ ಹೊರಟೆ. ವ್ಯಾನಿನಲ್ಲಿ ಡ್ರೈವರು, ಕಿರಿಯ ಎಂಜಿನಿಯರು, ನಾನು.

ಗದ್ದಲದ ಮೂಲ ಹುಡುಕುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಕೈಯಲ್ಲಿ ಹಿಡಿಯುವ ಆಂಟೆನಾವನ್ನು ಸುತ್ತ ತಿರುಗಿಸಿದರೆ, ಮೂಲ ಇರುವ ದಿಕ್ಕಿಗೆ ಮೀಟರು ಏರುತ್ತದೆ. ಆ ದಿಕ್ಕಿಗೆ ಸ್ವಲ್ಪ ದೂರ ಹೋಗಿ ಮತ್ತೆ ತಿರುಗಿಸುವುದು. ಅವತ್ತು ಬೆಳಗ್ಗೆ ಗಾಳಿ ಇರಲಿಲ್ಲ, ಮೀಟರೂ ಸತ್ತ ಹಾಗೆ ಬಿದ್ದಿತ್ತು. ಹನ್ನೊಂದರ ಹೊತ್ತಿಗೆ ಶ್ರಾವಣದ ಗಾಳಿ ಎದ್ದು ತೆಂಗಿನ ಗರಿಗಳು ಬಡಿದಾಡತೊಡಗಿದವು. ಮೀಟರು ಏರಿತು. ಕಿರಿಯಳು ನನ್ನ ಕಡೆ ನೋಡಿದಳು, ನಾನು ರಸ್ತೆ ಕಡೆ ನೋಡಿದೆ.

ಮೀಟರು ತೋರಿಸಿದ ದಾರಿ ನನ್ನ ತಂಗಿಯ ಊರಿನದು. ಊರು ದಾಟಿಸಿ ಅವಳ ಮನೆಯಿರುವ ತೋಟದ ಕಡೆಗೇ ತೋರಿಸಿತು. ಕವಲು ದಾರಿಯಲ್ಲಿ, “ಮೊದಲು ಆ ಕಡೆ ಬೋರ್‌ವೆಲ್ ಸ್ಟಾರ್ಟರುಗಳನ್ನು ನೋಡಿಬಿಡೋಣ, ಅವಕ್ಕೂ ಸಿಮ್ ಹಾಕಿರ್ತಾರೆ” ಎಂದು ವ್ಯಾನನ್ನು ಎಡಕ್ಕೆ ತಿರುಗಿಸಿದೆ. ನೋಡುವಂಥದ್ದು ಅಲ್ಲೇನೂ ಇಲ್ಲ ಎಂದು ನನಗೂ ಗೊತ್ತಿತ್ತು, ಕಿರಿಯಳಿಗೂ ಗೊತ್ತಿತ್ತು. ಮೂರು ಪಂಪ್‌ಹೌಸು ಸುತ್ತಿ ವಾಪಸು ಬಂದು ಬಲಗಡೆ ಹೋದೆವು.

ತಂಗಿಯ ಮನೆ ಕಂಡಿತು. ಹೆಂಚಿನ ಮನೆ, ಪಕ್ಕದಲ್ಲಿ ಕೊಬ್ಬರಿ ಒಣಗಿಸುವ ಶೆಡ್ಡು, ಹಿತ್ತಲಿಗೆ ತಾಗಿದಂತೆ ಎಲ್ಲಕ್ಕಿಂತ ಎತ್ತರದ ಒಂದು ತೆಂಗಿನ ಮರ. ಅದರ ತಲೆಯಲ್ಲಿ, ಗರಿಗಳ ಸಂದಿಯಲ್ಲಿ, ತೆಂಗಿನ ಹುರಿಯಿಂದ ಬಿಗಿದು ಕಟ್ಟಿದ ಒಂದು ಆಂಟೆನಾ. ಅಲ್ಲಿಂದ ಕರಿ ವೈರು ಕಾಂಡದ ಗುಂಟ ಇಳಿದು ಹೆಂಚಿನ ಸಂದಿಯಲ್ಲಿ ಒಳಗೆ ಹೋಗಿತ್ತು.

ನೋಡಿದ ಕೂಡಲೇ ಎಲ್ಲ ತಿಳಿದುಹೋಯಿತು. ಅದು ಸಿಗ್ನಲ್ ಬೂಸ್ಟರು. ಹೊರಗಿನ ಆಂಟೆನಾ ಟವರಿನ ಸಿಗ್ನಲ್ ಹಿಡಿದು ಡಬ್ಬಿಗೆ ಕೊಡುತ್ತದೆ, ಡಬ್ಬಿ ಅದನ್ನು ಜೋರು ಮಾಡಿ ಮನೆಯೊಳಗಿನ ಇನ್ನೊಂದು ಆಂಟೆನಾಕ್ಕೆ ಕೊಡುತ್ತದೆ. ಇವೆರಡೂ ಒಂದಕ್ಕೊಂದು ಮುಖಾಮುಖಿ ಆಗಬಾರದು. ಆದವೆಂದರೆ ಸ್ಪೀಕರಿನ ಎದುರಿಗೆ ಮೈಕು ಹಿಡಿದ ಹಾಗೆ ಅರಚಿಕೊಳ್ಳುತ್ತದೆ, ಆ ಅರಚಾಟ ಟವರಿಗೆ ಹೋಗಿ ಬಡಿಯುತ್ತದೆ. ಬೇರೆ ಕಡೆಯವರಾದರೆ ಮಾಳಿಗೆಗೆ ಒಂದು ಕಬ್ಬಿಣದ ಪೈಪು ನಿಲ್ಲಿಸುತ್ತಿದ್ದರು. ನಮ್ಮ ಜನಕ್ಕೆ ಎತ್ತರ ಎಂದರೆ ತೆಂಗಿನ ಮರ. ಗಾಳಿ ಬಂದಾಗಲೆಲ್ಲ ಮರ ತೂಗುತ್ತಿತ್ತು, ಆಂಟೆನಾ ಮನೆಯ ಕಡೆಗೆ ಬಾಗುತ್ತಿತ್ತು, ಸುತ್ತಲ ಹಳ್ಳಿಗಳ ಫೋನು ಸಾಯುತ್ತಿತ್ತು.

ಜಗುಲಿಯ ಮೇಲೆ ಆರೇಳು ಜನ ಕೂತಿದ್ದರು. ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಫೋನು. ಇಡೀ ಊರಿಗೆ ಸಿಗ್ನಲ್ ಸಿಗುವ ಜಾಗ ಅದೊಂದೇ ಆಗಿತ್ತು, ಬೂಸ್ಟರಿನ ಪಕ್ಕದಲ್ಲೇ ಇದ್ದುದರಿಂದ. ಊರಿನ ಫೋನೆಲ್ಲ ಕೆಡಿಸಿದ್ದೂ ಆ ಮನೆಯೇ, ಊರಿನವರೆಲ್ಲ ಬಂದು ಮಾತಾಡಿ ಹೋಗುತ್ತಿದ್ದುದೂ ಆ ಮನೆಗೇ. ಇದು ಯಾರಿಗೂ ಗೊತ್ತಿರಲಿಲ್ಲ, ನನ್ನ ತಂಗಿಗೂ.

ತಂಗಿ ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದವಳು ನನ್ನನ್ನು ನೋಡಿ ಮುಖ ಅರಳಿಸಿದಳು.

“ಅಣ್ಣಯ್ಯ ಬಂದ ಕಣ್ರೇ! ಹೇಳಿರ್ಲಿಲ್ವಾ, ನಮ್ಮಣ್ಣಯ್ಯ ಹಬ್ಬಕ್ಕೆ ಮೊದ್ಲೇ ಬತ್ತಾನೆ ಅಂತ. ಈ ಸಲ ಆಫೀಸಿನ ಗಾಡೀಲೇ ಬಂದವ್ನೆ ನೋಡಿ.”

ಪಕ್ಕದ ಮನೆಯ ಅಜ್ಜಿ ಕಿವಿಯಿಂದ ಫೋನು ತೆಗೆದು, ನಮ್ಮ ಎಂಜಿನಿಯರು ಹಿಡಿದುಕೊಂಡಿದ್ದ ಬೆಳ್ಳಿ ಬಣ್ಣದ ಮೀಟರಿನ ಪೆಟ್ಟಿಗೆ ನೋಡಿ ನಕ್ಕಿತು. “ಏನವ್ವ, ಮೊರ ಎಲ್ಲ ಹಳೇದಾಯ್ತೇನೋ. ನಿಮ್ಮಣ್ಣ ಬಾಗಿನಾನ ಪೆಟ್ಟಿಗೇಲೇ ತಂದವ್ನಲ್ಲ.”

ಎಲ್ಲರೂ ನಕ್ಕರು. ತಂಗಿಯೂ ನಕ್ಕು ಆ ಪೆಟ್ಟಿಗೆಯ ಕಡೆಗೊಮ್ಮೆ ನೋಡಿದಳು. ನಿಜವಾಗಿಯೂ ಅದರಲ್ಲಿ ಏನೋ ಇರಬಹುದು ಎಂಬ ಆಸೆ ಆ ಕಣ್ಣಲ್ಲಿ ಇತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವಳ ಗಂಡ ಮನೆಯಲ್ಲಿರಲಿಲ್ಲ, ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಹೋಗಿದ್ದರು. ಒಳಗೆ ಹೋಗಿ ನೋಡಿದೆ. ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನ ಕೊನೆಗೆ ಬೂಸ್ಟರಿನ ಬಿಳಿ ಡಬ್ಬಿ. ಅದಕ್ಕೂ ಅರಿಸಿನ ಕುಂಕುಮ ಇಟ್ಟಿದ್ದಳು.

“ಚೆನ್ನಾಗಿ ಕೇಳುಸ್ತೈತೆ ಕಣಣ್ಣಯ್ಯ,” ಅಂದಳು ನನ್ನ ಹಿಂದೆಯೇ ಬಂದು. “ಈ ತೋಟದೊಳಗೆ ನಿನ್ ಫೋನು ಬಂದ್ರೆ ಬದೀನ್ ಮೇಲಕ್ಕೆ ಓಡ್ಬೇಕಿತ್ತು. ಈಗ ಎಲ್ರಿಗೂ ಅನುಕೂಲ ಆಗೈತೆ. ಅಂಗಡಿಯವನ್ನ ಕೇಳ್ದೆ, ಇದು ಸರ್ಕಾರದವ್ರು ಒಪ್ಪಿರೋ ಮಾಲೇನಾ, ನಮ್ಮಣ್ಣಯ್ಯ ಅದೇ ಇಲಾಖೇಲವ್ನೆ ಅಂತ. ಹೂಂ ಕಣಮ್ಮ ಅಂದ.”

ಇಂಥ ಡಬ್ಬಿಗಳನ್ನು ನಾನು ಎಷ್ಟೋ ಊರುಗಳಲ್ಲಿ ಇಳಿಸಿದ್ದೇನೆ. ಲಾಡ್ಜುಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ, ಡಾಕ್ಟರ ಮನೆಯಲ್ಲಿ. ಎಲ್ಲ ಕಡೆಯೂ ನನ್ನದೊಂದೇ ಪದ್ಧತಿ. ಮನೆಯವರನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಇದು ಹೀಗೆ, ಇದರಿಂದ ಇಂಥ ತೊಂದರೆ, ಇದನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಮೆತ್ತಗೆ ಹೇಳುವುದು. ಗೊತ್ತಿಲ್ಲದೆ ಮಾಡಿದ್ದಕ್ಕೆ ನಾಲ್ಕು ಜನರ ಮುಂದೆ ಮಾನ ಯಾಕೆ ಕಳೆಯಬೇಕು? ಡಬ್ಬಿ ಇಳಿಸಿಕೊಂಡು, ನೋಟೀಸಿಗೆ ಸಹಿ ಹಾಕಿಸಿಕೊಂಡು, ಅವರು ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ. ಹೊರಗಿನವರು ಕೇಳಿದರೆ, ‘ಸಣ್ಣ ರಿಪೇರಿ ಇತ್ತು, ಸರಿಹೋಯಿತು’ ಅಷ್ಟೆ.

ಕಿರಿಯಳು ನನ್ನ ಹತ್ತಿರ ಬಂದು ಪಿಸುದನಿಯಲ್ಲಿ, “ಇಲ್ಲೇ ಕೂರಿಸಿಕೊಂಡು ಹೇಳೋಣ ಸರ್, ಎಂದಿನ ಹಾಗೆ” ಅಂದಳು.

ಅಷ್ಟರಲ್ಲಿ ಜಗುಲಿಯಿಂದ ಒಂದು ಗಂಡು ದನಿ ಕೇಳಿಸಿತು. ತಂಗಿಯ ತೋಟದಲ್ಲಿ ಕಾಯಿ ಕೀಳುವವನದು. ನಾವು ಬಂದದ್ದು ಸಿಗ್ನಲ್ ತೊಂದರೆ ನೋಡಲು ಎಂದು ನಮ್ಮ ಡ್ರೈವರಿಂದ ತಿಳಿದುಕೊಂಡು ಹೇಳುತ್ತಿದ್ದ: “ಬಂದಿರೋ ಸಾಹೇಬ್ರು ಈಯಮ್ಮನ ಅಣ್ಣನೇ ಅಂತೆ. ಹಂಗಾರೆ ಮುಗೀತು ಬುಡ್ರಪ್ಪ. ನಮ್ಮ್‌ನಮ್ಮೋರು ಕಾಫಿ ಕುಡ್ಕೊಂಡು ಹೋಯ್ತಾರೆ, ನಮ್ ಫೋನು ಹಿಂಗೇ ಇರ್ತೈತೆ.”

ತಮಾಷೆಗೆ ಅಂದದ್ದು. ಯಾರೋ ನಕ್ಕರು ಕೂಡ. ಆದರೆ ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷದ ನನ್ನ ನಿಯತ್ತನ್ನು ಒಬ್ಬ ಹೀಗೆ ಅನ್ನುವುದೆಂದರೇನು, ಅದೂ ನನ್ನ ಕೈಕೆಳಗಿನವಳು ಕೇಳಿಸಿಕೊಳ್ಳುತ್ತಿರುವಾಗ. ನೋಟೀಸು ಕೈಗೆ ತೆಗೆದುಕೊಂಡು ಜಗುಲಿಗೆ ಬಂದೆ. ತಂಗಿಯೂ ಹಿಂದೆಯೇ ಬಂದಳು, ಇನ್ನೂ ನಗುಮುಖದಲ್ಲೇ. ನಾನು ಅವಳ ಕಡೆ ನೋಡದೆ, ಎಲ್ಲರಿಗೂ ಕೇಳುವಂತೆ ಓದಿದೆ.

“ಸದರಿ ಮನೆಯ ನಿವಾಸಿಗಳು ಪರವಾನಗಿ ಇಲ್ಲದ ಸಿಗ್ನಲ್ ಬೂಸ್ಟರ್ ಉಪಕರಣವನ್ನು ಅಳವಡಿಸಿಕೊಂಡು ಸಾರ್ವಜನಿಕ ದೂರಸಂಪರ್ಕ ಸೇವೆಗೆ ಅಡಚಣೆ ಉಂಟುಮಾಡಿರುವುದು ಸ್ಥಳ ತನಿಖೆಯಿಂದ ಕಂಡುಬಂದಿರುತ್ತದೆ…”

ಕೊನೆಯವರೆಗೂ ಓದಿದೆ. ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು, ಹಾಳಾದ್ದು. ಅಷ್ಟು ಸಾಲದು ಎಂಬಂತೆ, ಅರ್ಥವಾಗದವರಿಗಾಗಿ ಆಡುಮಾತಿನಲ್ಲಿ ಇನ್ನೊಮ್ಮೆ ಹೇಳಿದೆ. ನಿಮ್ಮೆಲ್ಲರ ಫೋನು ಕೆಟ್ಟಿದ್ದು ಟವರಿನಿಂದಲ್ಲ, ಈ ಮನೆಯ ಡಬ್ಬಿಯಿಂದ, ಆ ಮರದ ಮೇಲಿನ ಆಂಟೆನಾದಿಂದ, ಎಂದು ಬೆರಳು ತೋರಿಸಿದೆ. ಎಲ್ಲರೂ ಕತ್ತೆತ್ತಿ ಮರ ನೋಡಿದರು. ಆಮೇಲೆ ನನ್ನ ತಂಗಿಯನ್ನು ನೋಡಿದರು.

ಅಜ್ಜಿ ಮೊದಲು ಬಾಯಿಬಿಟ್ಟಿತು. “ಅಂದ್ರೆ ನಮ್ ಮನೇಲಿ ಫೋನ್ ಬರ್ದಿದ್ದಿದ್ದು ಇದ್ರಿಂದ್ಲೇನವ್ವ? ಮಂಡಿನೋವು ಇಟ್ಕೊಂಡು ದಿನಾ ನಿನ್ ಮನೆಗಂಟ ನಡ್ಕೊಂಡು ಬತ್ತಿದ್ನಲ್ಲೇ, ಮಗಳ ಹತ್ರ ಮಾತಾಡಕೆ. ನಿಂಗೆ ಪುಣ್ಯ ಬರ್ಲಿ ಅಂತ ಹೇಳ್ತಿದ್ನಲ್ಲೇ.”

“ನಂಗ್ ಗೊತ್ತಿರ್ಲಿಲ್ಲ ಕಣಜ್ಜಿ,” ಅಂದಳು ತಂಗಿ. ಕೈಯಲ್ಲಿ ತಟ್ಟೆ ಇನ್ನೂ ಹಾಗೆಯೇ ಇತ್ತು, ಅದನ್ನು ಎಲ್ಲಿಡಬೇಕು ಎಂದು ಅವಳಿಗೆ ತೋಚಲಿಲ್ಲ.

ಯಾರೂ ಜಗಳವಾಡಲಿಲ್ಲ. ಆಡಿದ್ದರೆ ನಾನಾದರೂ ಏನಾದರೂ ಹೇಳಬಹುದಿತ್ತು. ಒಬ್ಬೊಬ್ಬರೇ ಎದ್ದು ಚಪ್ಪಲಿ ಮೆಟ್ಟಿಕೊಂಡರು, ಕಾಫಿ ಲೋಟಗಳು ತುಂಬಿದಂತೆಯೇ ಉಳಿದವು. ಕಾಯಿ ಕೀಳುವವನು ಮರ ಹತ್ತಿ ಆಂಟೆನಾ ಬಿಚ್ಚಿದ. ಕಟ್ಟಿದವನೂ ಅವನೇ ಎಂದು ಆಮೇಲೆ ತಿಳಿಯಿತು. ಅದನ್ನು ತಂಗಿ ಆವತ್ತು ಬಾಯಿಬಿಟ್ಟು ಹೇಳಲಿಲ್ಲ. ಡಬ್ಬಿ ಇಳಿಸುವಾಗ ಕುಂಕುಮ ನನ್ನ ಬೆರಳಿಗೆ ಅಂಟಿತು, ಪ್ಯಾಂಟಿಗೆ ಒರೆಸಿಕೊಂಡೆ. ಅವಳು ಸಹಿ ಹಾಕಿದಳು. ಊಟ ಮಾಡಿಕೊಂಡು ಹೋಗಿ ಎಂದು ನಮ್ಮ ಎಂಜಿನಿಯರಿಗೂ ಡ್ರೈವರಿಗೂ ಹೇಳಿದಳು. ನನಗೆ ಹೇಳಲಿಲ್ಲ. ನಾವು ಯಾರೂ ಊಟಕ್ಕೆ ನಿಲ್ಲಲಿಲ್ಲ.

ಕಿಬ್ಬನಹಳ್ಳಿಯಲ್ಲಿ ಟೀ ಕುಡಿಯಲು ವ್ಯಾನು ನಿಲ್ಲಿಸಿದಾಗ, ಕಿರಿಯಳು ಲೋಟ ನೋಡುತ್ತಾ ಹೇಳಿದಳು. “ಸರ್, ನೀವು ವ್ಯಾನಲ್ಲೇ ಕೂತಿದ್ರೆ ನಾನು ಹೋಗಿ ಹೇಳ್ತಿದ್ದೆ. ಸ್ವಂತದವರ ಮನೆ ಅಂತ ಬರೆದರೆ ಕಚೇರಿಯಲ್ಲೂ ಯಾರೂ ಏನೂ ಅಂತಿರಲಿಲ್ಲ.”

ನಿಜ. ನಿಯಮವೂ ಅದನ್ನೇ ಹೇಳುತ್ತದೆ, ಸ್ವಂತದವರ ವಿಷಯ ಬಂದರೆ ಬೇರೆಯವರಿಗೆ ಬಿಡು ಎಂದು. ನಿಯಮದ ನೀರುಗಂಟಿಗೆ ಅದೊಂದು ನಿಯಮ ಆ ಹೊತ್ತಿಗೆ ನೆನಪಾಗಿರಲಿಲ್ಲ. ನನಗೆ ಬೇಕಿದ್ದದ್ದು ನಿಯಮವೂ ಅಲ್ಲ. ನಾನು ಪಕ್ಷಪಾತಿಯಲ್ಲ ಎಂದು ನಾಲ್ಕು ಜನರೆದುರು ತೋರಿಸಿಕೊಳ್ಳಬೇಕಿತ್ತು. ಅದಕ್ಕೆ ಸುಲಭವಾಗಿ ಸಿಕ್ಕವಳು ತಂಗಿ. ಟೀ ಅಂಗಡಿಯ ಮುಂದೆ ನಿಂತು ಅವಳಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಂತ್ರದ ಹೆಂಗಸು ಹೇಳಿದಳು. ಸುತ್ತಲಿನ ಹಳ್ಳಿಗಳ ಫೋನು ಅಷ್ಟು ಹೊತ್ತಿಗೆ ಸರಿಯಾಗಿತ್ತು. ಮರಗಳ ಸಂದಿಯಲ್ಲಿರುವ ಅವಳ ಮನೆ ಮಾತ್ರ ಮೊದಲಿನ ಹಾಗೆ ಆಯಿತು.

ಹಬ್ಬದ ಹಿಂದಿನ ದಿನ ಬಾಗಿನ ತೆಗೆದುಕೊಂಡು ಹೋದೆ. ಸೀರೆ ಪ್ರತಿ ವರ್ಷದ್ದಕ್ಕಿಂತ ಒಳ್ಳೆಯದನ್ನೇ ತಂದಿದ್ದೆ, ಅದೂ ಒಂದು ನಾಚಿಕೆಗೇಡೇ. ಬಸ್ಸಿಳಿದು ನಡೆದು ಹೋಗುವಾಗ ಎದುರಿಗೆ ಸಿಕ್ಕವರು, “ಈಗ ಫೋನು ಕಿಲಕಿಲ ಅಂತೈತೆ ಸಾಮಿ, ಒಳ್ಳೇ ಕೆಲ್ಸ ಮಾಡಿದ್ರಿ” ಎಂದು ಕೈ ಮುಗಿದರು. ನಾನು ತಲೆ ತಗ್ಗಿಸಿಕೊಂಡು ಮುಂದೆ ಹೋದೆ. ಜಗುಲಿ ಖಾಲಿಯಿತ್ತು. ಕೂರಿಸಿ ತೋರಿಸಲು ಯಾರೂ ಇರಲಿಲ್ಲ, ಅವಳು ನನ್ನನ್ನು ನೇರವಾಗಿ ಒಳಗೆ ಕರೆದಳು. ಕಾಲಿಗೆ ನೀರು ಕೊಟ್ಟಳು, ಸೆರಗಿನಲ್ಲಿ ಮೊರ ಹಿಡಿದು ಬಾಗಿನ ತೆಗೆದುಕೊಂಡಳು, ನಮಸ್ಕಾರ ಮಾಡಿದಳು. ಒಂದೂ ಕಡಿಮೆ ಮಾಡಲಿಲ್ಲ. ಅವಳ ಗಂಡ ಹವಾಮಾನ, ಕೊಬ್ಬರಿ ಎಂದು ಎರಡು ಮಾತಾಡಿ ಶೆಡ್ಡಿನ ಕಡೆಗೆ ಎದ್ದು ಹೋದರು.

ನನ್ನ ಹತ್ತಿರ ಒಂದು ಉಪಾಯವಿತ್ತು, ಅದನ್ನೇ ಹಿಡಿದುಕೊಂಡೆ. ಕೇಬಲಿನ ಇಂಟರ್‌ನೆಟ್ ಹಾಕಿಸಿ ವೈಫೈ ಮೇಲೆಯೇ ಫೋನು ಮಾತಾಡಬಹುದು, ಅದು ಕಾನೂನಿಗೆ ಸರಿ, ಯಾರಿಗೂ ತೊಂದರೆಯಿಲ್ಲ, ಗೋಮಾಳ ಇದ್ದ ಹಾಗೆ ಎಂದು ಶುರುಮಾಡಿದೆ. ಅವಳು ಹಬ್ಬಕ್ಕೆ ಕಾಯಿ ತುರಿಯುತ್ತಾ ಕೇಳಿಸಿಕೊಂಡಳು. ನನ್ನ ಮಾತು ಮುಗಿದಮೇಲೆ ತುರಿಯುವುದನ್ನು ನಿಲ್ಲಿಸಿದಳು.

“ಅಣ್ಣಯ್ಯ, ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಆ ಡಬ್ಬಿ ತಪ್ಪು ಅಂತ ಗೊತ್ತಾಯ್ತು ಬುಡು. ನೀನು ಕಿತ್ಕೊಂಡ್ ಹೋಗಿದ್ದೂ ಸರಿ. ಬೇರೆ ಊರಲ್ಲಿ, ಗುರುತು ಪರಿಚಯ ಇಲ್ದಿರೋರ ಮನೇಲಿ ಇಂಥದ್ದು ಸಿಕ್ರೆ, ಅಲ್ಲೂ ಹಿಂಗೇ ಜನಾನ್ನೆಲ್ಲ ಮುಂದೆ ಇಟ್ಕೊಂಡು ಓದ್ತೀಯಾ?”

ಸುಳ್ಳು ಹೇಳಬಹುದಿತ್ತು. ಹೌದು, ಎಲ್ಲ ಕಡೆಯೂ ಹಾಗೇ ಎಂದರೆ ಅವಳು ನಂಬುತ್ತಿದ್ದಳು, ನಂಬಿ ಸಮಾಧಾನವನ್ನೂ ಪಡುತ್ತಿದ್ದಳು.

“ಇಲ್ಲ,” ಅಂದೆ.

“ಮತ್ತೇನ್ ಮಾಡ್ತೀಯ?”

“ಒಳಗೆ ಕರೆದು ಹೇಳ್ತೀನಿ. ಹೊರಗಿನವರಿಗೆ ಗೊತ್ತಾಗದ ಹಾಗೆ.”

ಅವಳು ಕೈಯಲ್ಲಿದ್ದ ಕಾಯಿ ಹೋಳನ್ನು ತಟ್ಟೆಗೆ ಇಟ್ಟಳು. ಕಣ್ಣಲ್ಲಿ ನೀರಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹಂಗಾರೆ ಇನ್ನೊಂದ್ ಸಲ ನನ್ನೂ ಬ್ಯಾರೆಯವಳು ಅಂತ್ಲೇ ತಿಳ್ಕೊ ಅಣ್ಣಯ್ಯ,” ಅಂದಳು.

ಅಷ್ಟು ಹೇಳಿ ಎಲೆ ಹಾಕಲು ಎದ್ದಳು. ಒಬ್ಬಟ್ಟಿಗೆ ಕಾಯಿಹಾಲು ಬಡಿಸಿದಳು, ಇನ್ನೊಂದು ಹಾಕಿಸ್ಕೋ ಎಂದು ಬಲವಂತ ಮಾಡಿದಳು. ಬೇಡ ಎನ್ನುವ ಮುಖ ನನಗಿರಲಿಲ್ಲ, ಹಾಕಿಸಿಕೊಂಡು ತಿಂದೆ.